ಕನ್ನಡ ಅಕ್ಷರದಲ್ಲಿ ಬರೆದುಕೊಂಡ ಯಿಡ್ಡಿಶ್ ಪ್ರಾರ್ಥನೆ

ಅರ್ಥವಾಗದ್ದನ್ನು ಭಕ್ತಿಯಿಂದ ಬಾಯಿಪಾಠ ಮಾಡುವುದು ನನ್ನ ಹುಟ್ಟುಗುಣ. ಮೈಸೂರಿನ ನಮ್ಮ ಮನೆಯಲ್ಲಿ ಸಂಸ್ಕೃತದ ಸ್ತೋತ್ರ, ತೆಲುಗಿನ ಕೃತಿ, ಹಿಂದಿ ಸಿನಿಮಾ ಹಾಡು ಎಲ್ಲವೂ ಒಂದೇ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಇರುತ್ತಿದ್ದವು. ಅರ್ಥ ಕೇಳಿದರೆ ಅಮ್ಮ, "ಮೊದ್ಲು ಸರಿಯಾಗಿ ಹೇಳು, ಅರ್ಥ ಆಮೇಲೆ ತಾನಾಗೇ ಬರುತ್ತೆ" ಅನ್ನುತ್ತಿದ್ದಳು. ಬರಲಿಲ್ಲ. ಈ ಗುಣ ನ್ಯೂಜಿಲೆಂಡಿಗೂ ನನ್ನ ಜೊತೆಗೇ ಬಂತು.

ಎರಡು ಸಾವಿರದ ಐದೋ ಆರೋ ಇರಬೇಕು. ಲೋವರ್ ಹಟ್‌ನ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ಅಲ್ಲಿ ತೊಂಬತ್ತರ ಹತ್ತಿರದ ಒಬ್ಬ ಆಂಟಿ ಇದ್ದರು. ಹುಟ್ಟಿದ್ದು ಪೋಲೆಂಡಿನಲ್ಲಿ, ಮನೆಮಾತು ಯಿಡ್ಡಿಶ್, ಅಂದರೆ ಆ ಕಡೆಯ ಯಹೂದಿಗಳ ಮಾತು. ಯುದ್ಧ ಮುಗಿದ ಮೇಲೆ ಗಂಡ, ಪುಟ್ಟ ಮಗಳ ಜೊತೆ ಇಲ್ಲಿಗೆ ಬಂದವರು. ಗಂಡ ಹೋದ ಮೇಲೆ ಆ ಭಾಷೆಯಲ್ಲಿ ಮಾತಾಡಲು ಊರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಮಗಳೇನೋ ಇದ್ದಳು. ದೂರದ ಪಾಪಕುರಾ ಎಂಬ ಊರಿನಲ್ಲಿ ಟೀಚರಾಗಿ ನಿವೃತ್ತಳಾದವಳು, ತಿಂಗಳಿಗೊಂದು ಭಾನುವಾರ ವಿಮಾನದಲ್ಲಿ ಬರುತ್ತಿದ್ದಳು. ಅಮ್ಮ ಯಿಡ್ಡಿಶ್‌ನಲ್ಲಿ ಏನು ಕೇಳಿದರೂ ಉತ್ತರ ಇಂಗ್ಲಿಷ್‌ನಲ್ಲೇ. ಆರನೇ ವಯಸ್ಸಿಗೆ, ಸ್ಕೂಲಿನಲ್ಲಿ ಯಾರೋ ನಕ್ಕರೆಂದು ನಿಲ್ಲಿಸಿದ್ದಂತೆ, ಮತ್ತೆ ಶುರು ಮಾಡಲೇ ಇಲ್ಲ. "ನಂಗೆ ಬೇರೇನೂ ಬೇಡ. ಸಾಯೋಕೆ ಮುಂಚೆ ಒಂದೇ ಒಂದ್ಸಲ ಅವಳು ನಂಗೆ ನಮ್ಮ ಮಾತಲ್ಲಿ ಉತ್ತರ ಕೊಡ್ಬೇಕು" ಎಂದು ಆಂಟಿ ನನ್ನ ಹತ್ತಿರ ಹೇಳಿದ್ದರು. ನನ್ನ ಮನೆಯಲ್ಲೂ ಇಲ್ಲೇ ಹುಟ್ಟಿದ ಹನ್ನೊಂದರ ಮಗಳೊಬ್ಬಳಿದ್ದಳು. "ಊಟ ಮಾಡಿದ್ಯೇನೇ?" ಅಂದರೆ, "ಯಾ, ಮಮ್."

ಆ ವರ್ಷ ಆಂಟಿಯ ಮಗಳಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಅಮ್ಮನ ಮಾತನ್ನು ಮೊಮ್ಮಕ್ಕಳಿಗಾಗಿ ಉಳಿಸಬೇಕೆಂದು, ಯಿಡ್ಡಿಶ್ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ನಿಯಮಗಳ ಪುಸ್ತಕ ಹಿಡಿದು ಬಂದಳು. ಆಂಟಿ 'ಗೆನೀಗ್' ಎಂದರು. ಸಾಕು ಎಂದರ್ಥ. ಮಗಳು ಪುಸ್ತಕ ನೋಡಿ, "ಅಲ್ಲಮ್ಮ, ಗೆನೂಗ್" ಎಂದು ತಿದ್ದಿದಳು. ಪುಸ್ತಕದ್ದು ಬೇರೆ ಸೀಮೆಯ ಉಚ್ಚಾರ. ಧಾರವಾಡದ ಅಜ್ಜಿಯನ್ನು ಕೂರಿಸಿಕೊಂಡು ಮೈಸೂರು ಕನ್ನಡ ಕಲಿಸಿದ ಹಾಗೆ. ಆಂಟಿಯ ಮೂಗು ಕೆಂಪಾಯಿತು. "ಆ ಪುಸ್ತಕದ ಅಮ್ಮ ಬೇರೆ, ನನ್ನಮ್ಮ ಬೇರೆ!" ಎಂದವರೇ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿಸುವಾಗ ನನ್ನನ್ನು ಕೇಳಿದರು, "ನಿಮ್ಮ ಅಕ್ಷರದಲ್ಲಿ ಏನ್ಬೇಕಾದ್ರೂ ಬರೀಬಹುದು ಅಂತೀಯಲ್ಲ, ಒಂದು ಪ್ರಾರ್ಥನೆ ಬರ್ಕೋತೀಯಾ?"

ಕೇಳಬೇಕೇ! ನೋಟ್‌ಬುಕ್ ತಂದೆ. ಗಂಟಲಿನಿಂದ ಕೆರೆದು ತೆಗೆಯುವ ಸದ್ದಿಗೆ ಖ ಬರೆದು, ಕೆಳಗೆ ಎರಡು ಚುಕ್ಕಿ ಇಟ್ಟೆ. ನನ್ನ ನಾಲಿಗೆಗೋ ಪ್ರತಿ ಪದದ ಕೊನೆಗೆ ಒಂದು ಉಕಾರ ಅಂಟಿಸುವ ಚಟ, ಬಸ್ಸು ಕಾರು ಅಂದ ಹಾಗೆ. ಆಂಟಿ ಮೊಣಕೈಗೆ ತಟ್ಟಿ, "ಬಾಲ ಕತ್ತರಿಸು!" ಅನ್ನುತ್ತಿದ್ದರು. ಒಂದೊಂದು ಸಾಲನ್ನೂ ಹತ್ತು ಸಲ ಹೇಳಿಸಿದರು. ನಾನು ಹೇಳುವಾಗ ಅವರ ಹೆಗಲು ಕುಲುಕುತ್ತಿತ್ತು. ಕೆಮ್ಮಿರಬೇಕೆಂದು ಬಿಸಿನೀರು ಕೊಟ್ಟೆ.

ಮೂರು ವಾರದಲ್ಲಿ ಬಾಯಿಪಾಠವಾಗಿ ನೀರು ಕುಡಿದ ಹಾಗಾಯಿತು. ಸುಮ್ಮನೆ ಹೇಳಿದರೆ ಸಪ್ಪೆ ಎನಿಸಿ, ನಿಧಾನವಾದ ಒಂದು ರಾಗವನ್ನೂ ಹಾಕಿದೆ. ಮನೆಯಲ್ಲಿ ದೀಪ ಹಚ್ಚಿದಾಗ ದೇವರ ಮುಂದೆ ಕೈಮುಗಿದು ದಿನಾ ಹೇಳುತ್ತಿದ್ದೆ. ಯಾರ ಪ್ರಾರ್ಥನೆಯಾದರೇನು, ದೇವರೊಬ್ಬನೇ ತಾನೆ!

ಭಾನುವಾರ ಬಂತು. ಚಹಾದ ಹೊತ್ತು. ಹಾಲ್‌ನಲ್ಲಿ ಏಳೆಂಟು ಮಂದಿ ಮುದುಕರು, ನಮ್ಮ ಮ್ಯಾನೇಜರ್, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡ ಮಗಳು. ಆಂಟಿ ಗಂಟಲು ಮುಟ್ಟಿಕೊಂಡು ನೋವೆಂದು ಸನ್ನೆ ಮಾಡಿ, ನನ್ನನ್ನು ಪಕ್ಕಕ್ಕೆ ಕರೆದು, ಕಂಬಳಿಯ ಅಡಿಯಲ್ಲಿ ನನ್ನ ಎಡಗೈ ಹಿಡಿದುಕೊಂಡರು. "ನನ್ನ ಬದಲು ನೀನೇ ಪ್ರಾರ್ಥನೆ ಹೇಳು" ಎಂದು ಪಿಸುಗುಟ್ಟಿದರು.

ನಾನು ಕಣ್ಣು ಮುಚ್ಚಿ, ಬಲಗೈಯನ್ನು ಎದೆಯ ಮೇಲಿಟ್ಟು ಶುರುಮಾಡಿದೆ. "ಕಿಮ್ ಅಹೇರ್... ಜ಼ಿತ್ಸ್ ಗ್ಲಾಖ಼್... ವೀ ಬಿಸ್ಟೀ ಗೆವೇನ್ ಅ ಗಾಂಟ್ಸನ್ ಖ಼ೋಯ್ದೆಶ್..." ಮ್ಯಾನೇಜರ್ ತಲೆ ತಗ್ಗಿಸಿದಳು. ಮುದುಕರೊಬ್ಬರು ಟೋಪಿ ತೆಗೆದರು. ನಾನು ಇನ್ನಷ್ಟು ಭಾವ ತುಂಬಿ, ಎರಡನೇ ಸಾಲನ್ನು ಎಳೆದೆಳೆದು ಮತ್ತೆ ಹಾಡಿದೆ.

ಪುಸ್ತಕ ದೊಪ್ಪೆಂದು ನೆಲಕ್ಕೆ ಬಿತ್ತು. "ಗೆನೀಗ್, ಮಾಮೆ! ಗೆನೀಗ್!"

ಕಣ್ಣು ಬಿಟ್ಟೆ. ಅಮ್ಮನನ್ನು ಯಿಡ್ಡಿಶ್‌ನಲ್ಲೇ ಕೂಗಿ ಮಗಳು ಕೆಂಪಾಗಿ ಎದ್ದು ನಿಂತಿದ್ದಳು. ಆಮೇಲೆ ಅವಳ ಬಾಯಿಂದ ದಡದಡನೆ ಮಾತು ಉರುಳಿತು, ತೊದಲುತ್ತ, ಮಕ್ಕಳ ಹಾಗೆ. ಅಷ್ಟರಲ್ಲಿ ಆಂಟಿಯ ಗಂಟಲು ಪವಾಡದಂತೆ ವಾಸಿಯಾಗಿ, ಅವರೂ ಅದೇ ಭಾಷೆಯಲ್ಲಿ ಗದರಿದರು. ಅವಳು ಎದುರಾಡಿದಳು. ಮುಖ ನೋಡಿದರೆ ಆಂಟಿ ಪುಂಡು ಹುಡುಗಿಯ ಹಾಗೆ ನಗುತ್ತಿದ್ದರು. ಆದರೆ ಕಂಬಳಿಯ ಅಡಿಯಲ್ಲಿ ನನ್ನ ಕೈಯನ್ನು ಮಾತ್ರ ಬಿಡಲಿಲ್ಲ. ನನಗೋ ಅಳು ಬಂತು, ಯಾಕೆಂದು ಆಗ ಗೊತ್ತಿರಲಿಲ್ಲ.

ಆಮೇಲೆ ಕಪ್ಪು ತೊಳೆಯುವಾಗ ಮಗಳೇ ಬಂದು ಅರ್ಥ ಹೇಳಿದಳು. "ಪ್ರಾರ್ಥನೆ ಎಲ್ಲಾ ಹೀಬ್ರೂದಲ್ಲಿರುತ್ತೆ. ಇದು ನಮ್ಮಮ್ಮ ನಂಗೆ ಬೈದದ್ದು. ಬಾ ಇಲ್ಲಿ, ನೆಟ್ಟಗೆ ಕೂತ್ಕೋ, ಒಂದಿಡೀ ತಿಂಗಳು ಎಲ್ಲಿ ಹಾಳಾಗಿ ಹೋಗಿದ್ದೆ, ಆ ತಲೆಕೂದ್ಲು ಏನು ಗುಬ್ಬಚ್ಚಿ ಗೂಡಾ, ಹೆತ್ತವಳಿಗೇ ಮಾತು ಕಲಿಸ್ತೀಯಾ?" ಹೇಳುತ್ತ ಹೇಳುತ್ತ ಅವಳು ಟೀ ಟವೆಲ್ಲಿನಿಂದಲೇ ಕಣ್ಣೊರೆಸಿಕೊಂಡಳು. "ನಿಮ್ಮ ಬಾಯಲ್ಲಿ ನನ್ನ ಅಜ್ಜಿಯೇ ಮಾತಾಡಿದ ಹಾಗಿತ್ತು. ರಾಗ ಒಂದು ಬಿಟ್ಟು."

ಹಾಗಾದರೆ ಇಷ್ಟು ದಿನ ನಾನು ನಮ್ಮ ಮನೆದೇವರನ್ನು ಎದುರಿಗೆ ನೆಟ್ಟಗೆ ಕೂರಿಸಿ, ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ರಾಗವಾಗಿ ವಿಚಾರಿಸಿಕೊಂಡಿದ್ದೆ!

ಅಂದು ಸಂಜೆ ದೀಪ ಹಚ್ಚಿ, ಕೆನ್ನೆ ಕೆನ್ನೆ ಬಡಿದುಕೊಂಡು ತಪ್ಪೊಪ್ಪಿಕೊಂಡೆ. ಸೋಫಾದಲ್ಲಿ ಮುದುಡಿಕೊಂಡು ಟೀವಿ ನೋಡುತ್ತಿದ್ದ ನನ್ನ ಮಗಳಿಗೆ, "ನೆಟ್ಟಗೆ ಕೂತ್ಕೊಳ್ಳೇ" ಎಂದೆ.

"ಐ ಆಮ್, ಮಮ್" ಎಂದಳು.

ನಾನು ಜಗಳಕ್ಕೆ ಹೋಗಲಿಲ್ಲ. ಆಂಟಿ ಐವತ್ತು ವರ್ಷಕ್ಕೂ ಮೇಲೆ ಕಾದಿದ್ದರು. ನನ್ನದಿನ್ನೂ ಹನ್ನೊಂದೇ ಆಗಿತ್ತು.