ಕಾಲೂರದೆ ಏರಿದ ಗುಡ್ಡ

ನಾನು ಎರೆ ಸೀಮೆಯವನು. ರೋಣದ ಸುತ್ತಲಿನ ಕರಿಮಣ್ಣಿನಲ್ಲಿ ಹುಟ್ಟಿ ಬೆಳೆದವನಿಗೆ ನೆಲವೆಂದರೆ ಸಪಾಟು, ಎತ್ತರವೆಂದರೆ ಜೋಳದ ಕಣಿಕೆಯ ಬಣವೆ. ಅಂಥವನಿಗೆ ಗಜೇಂದ್ರಗಡದ ಮಾವ ಮದುವೆಯಲ್ಲಿ ಒಂದು ಸೈಕಲ್ಲು ಕೊಟ್ಟರು. ಅವರು ನಮ್ಮವರೇ, ಆದರೆ ಎರಡು ತಲೆಮಾರಿನಿಂದ ಒಕ್ಕಲುತನ ಬಿಟ್ಟು ಮಗ್ಗ ಹಿಡಿದವರು. ಐವತ್ತರ ದಶಕದ ಆ ನಡುವಿನ ವರ್ಷಗಳಲ್ಲಿ ನಮ್ಮ ಓಣಿಗೆಲ್ಲ ಅದೊಂದೇ ಸೈಕಲ್ಲು. ನಾನು ಅದರ ಮೇಲೆ ಕೂತು ಹೊರಟರೆ ಎತ್ತುಗಳೂ ತಿರುಗಿ ನೋಡುತ್ತಿದ್ದವು ಎಂದು ನನ್ನ ನಂಬಿಕೆ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಅಂಟಿ ಮಡಗಾರ್ಡಿನೊಳಗೆ ತುಂಬುತ್ತದೆ. ನಡುವೆ ನಿಂತರೆ ಮುಗಿಯಿತು, ಸೈಕಲ್ಲು ನಮ್ಮನ್ನು ಹೊರುವುದಿಲ್ಲ, ನಾವೇ ಅದನ್ನು ಹೊರಬೇಕು. ಆದ್ದರಿಂದ ಹತ್ತಿದ ಕೂಡಲೇ ಉಸಿರು ಬಿಗಿಹಿಡಿದು ಜೋರಾಗಿ ತುಳಿಯುವುದೊಂದೇ ನಮಗೆ ಗೊತ್ತಿದ್ದ ವಿದ್ಯೆ.

ಮದುವೆಯಾದ ಮೊದಲ ಆಷಾಢಕ್ಕೆ ಹೆಂಡತಿ ತವರಿಗೆ ಹೋದಳು. ಪದ್ಧತಿ ಅದು, ಯಾರೂ ತಪ್ಪಿಸುವಂತಿಲ್ಲ. ಅಲ್ಲಿಯವರೆಗೆ ನಾವಿಬ್ಬರೂ ಹಿರಿಯರ ಮುಂದೆ ನಾಲ್ಕು ಮಾತು ಸರಿಯಾಗಿ ಆಡಿದವರಲ್ಲ. ಆದರೆ ಅವಳು ಹೋದ ಮೇಲೆ ಮನೆಯಲ್ಲಿ ನನಗೆ ಏನೂ ರುಚಿಸಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಅಡುಗೆಮನೆಯತ್ತ ಕತ್ತು ತಿರುಗುತ್ತಿತ್ತು. ನಾಗರಪಂಚಮಿಗೆ ಮಾವನ ಮನೆಯಿಂದ ಕರೆ ಬಂದಾಗ, ಹಬ್ಬ ಮುಗಿಸಿ ಅವಳನ್ನು ಕರೆದುಕೊಂಡೇ ಬರುತ್ತೇನೆ ಎಂದು ನನ್ನ ತಾಯಿಗೆ ಹೇಳಿ ಸೈಕಲ್ ಹತ್ತಿದೆ.

ಹೋದ ದಿನವೇ ಎಡವಟ್ಟು ಮಾಡಿದೆ. ಹಬ್ಬಕ್ಕೆ ಮಗ್ಗ ನಿಲ್ಲಿಸಬೇಕಲ್ಲ, ಅದಕ್ಕೆ ಮುಂಚೆ ಆದಷ್ಟು ನೇಯಲೆಂದು ಮಾವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಲಾಳಿ ಅತ್ತಿಂದಿತ್ತ ಓಡುತ್ತಿತ್ತು, ಕೆಳಗೆ ಕಾಲು ಒಂದಾದ ಮೇಲೊಂದು ಹಲಗೆ ತುಳಿಯುತ್ತಿತ್ತು. ನಾನು ಗೌರವದಿಂದಲೇ, ಸೀರೆ ಇನ್ನೂ ಎಷ್ಟು ಉಳಿದಿದೆ ಎಂದು ಕೇಳಿದೆ. ಲಾಳಿ ನಿಂತಿತು. ಮಾವ ಕುಣಿಯಿಂದ ಎದ್ದು, ಕೈಕಾಲು ತೊಳೆದು ಬಂದು, ಮತ್ತೆ ಹೊಸದಾಗಿ ಕೂತರು. ನೇಯುವವನನ್ನು ಎಷ್ಟಾಯಿತು, ಎಷ್ಟು ಉಳಿಯಿತು ಎಂದು ಕೇಳಬಾರದಂತೆ. ನೇಯುವವನೂ ಅಳೆದು ನೋಡಬಾರದಂತೆ. ಆ ಮನೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿದ್ದ ಸಂಗತಿ. ನನಗೆ ವಿಚಿತ್ರವೆನಿಸಿತು. ನಮ್ಮಲ್ಲಿ ನೇಗಿಲು ಹಿಡಿದವನು ಆಚೆ ಬದುವಿನ ಮೇಲೆ ಕಣ್ಣು ನೆಟ್ಟರೇ ಸಾಲು ನೆಟ್ಟಗೆ ಬರುವುದು. ತುದಿ ನೋಡದವನನ್ನು ನಾವು ಒಕ್ಕಲಿಗ ಎನ್ನುವುದೇ ಇಲ್ಲ.

ಊಟಕ್ಕೆ ಕೂತಾಗ ಹೆಂಡತಿಯ ತಮ್ಮ ಇದನ್ನೇ ಹಿಡಿದು ಆಡಿಸಿದ. ನನಗಿಂತ ಒಂದೆರಡು ವರ್ಷ ಚಿಕ್ಕವನು, ನಾಲಿಗೆ ಮಾತ್ರ ನನಗಿಂತ ಉದ್ದ. ಎರೆಯವರಿಗೆ ಮಗ್ಗವೂ ತಿಳಿಯದು, ಗುಡ್ಡವೂ ತಿಳಿಯದು ಎಂದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಜೋಳ ಮಾರಲು ಹೋದಾಗ ನರಗುಂದದ ಗುಡ್ಡವನ್ನು ಸೈಕಲ್ ಮೇಲೆ ಕೂತೇ ಏರಿದ್ದೇನೆ ಎಂದುಬಿಟ್ಟೆ. ಶುದ್ಧ ಸುಳ್ಳು. ನರಗುಂದದ ಗುಡ್ಡವನ್ನು ನಾನು ನೋಡಿದ್ದು ಪೇಟೆಯಲ್ಲಿ ಚೀಲದ ಮೇಲೆ ಕೂತು ಚಹಾ ಕುಡಿಯುತ್ತ.

ಪಂಚಮಿಯಲ್ಲಿ ನಮ್ಮ ಕಡೆ ಮಾತು ಹೊರಬಿದ್ದರೆ ಅದು ಪಂದ್ಯವೇ. ಕಣ್ಣು ಕಟ್ಟಿಕೊಂಡು ನಡೆಯುವವರು, ಊರಿಂದೂರಿಗೆ ನಿಂಬೆಹಣ್ಣು ಎಸೆಯುತ್ತ ಹೋಗುವವರು, ಕಲ್ಲು ಎತ್ತುವವರು, ಇಂಥವು ಆ ದಿನಗಳಲ್ಲಿ ಓಣಿಗೊಂದು. ಹೆಂಡತಿಯ ತಮ್ಮ ನಕ್ಕು ಒಂದು ಕೊಬ್ಬರಿ ಬಟ್ಟಲನ್ನು ನಡುವೆ ಇಟ್ಟ.

“ನಮ್ಮೂರ ಗುಡ್ಡ ಏರ್ರಿ ಮಾಮಾರ. ಕಾಲು ನೆಲಕ್ಕ ಊರಬಾರದು. ಏರಿದ್ರ ನಮ್ಮಕ್ಕನ್ನ ಹಬ್ಬ ಮುಗದ ಮರುದಿನಾನ ಕಳಸ್ತೀವಿ. ಊರಿದ್ರ ಮಹಾನವಮಿ ತನಕ ಇಲ್ಲೇ ಇರ್ತಾಳ.”

ನಾನು ಬಟ್ಟಲು ಎತ್ತಿಕೊಂಡೆ. ಎತ್ತಿಕೊಂಡರೆ ಒಪ್ಪಿದಂತೆ. ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತದ್ದು ನನಗೆ ಕೇಳಿತು, ಆದರೆ ಅದರ ಅರ್ಥ ತಿಳಿಯಲಿಲ್ಲ.

ಊರ ಹೊರಗೆ ಗುಡ್ಡದ ಬುಡದ ಹುಣಸೆಮರದಿಂದ ಮೇಲಿನ ಬನ್ನಿಗಿಡದವರೆಗೆ ಒಂದು ಬಂಡಿದಾರಿ. ಮೂರು ತಿರುವು. ಮರುದಿನ ಸಂಜೆ ಓಣಿಯ ಹುಡುಗರೆಲ್ಲ ಹಬ್ಬದ ಉಂಡಿ ತಿನ್ನುತ್ತ ಹಿಂದೆ ಬಂದರು. ನಾನು ಧೋತರದ ಕಚ್ಚೆ ಬಿಗಿದು, ನಮ್ಮ ಎರೆಯ ಪದ್ಧತಿಯಂತೆ ಜೋರಾಗಿ ಹೊರಟೆ. ಮೊದಲ ತಿರುವು ದಾಟಿದ್ದು ನನಗೇ ಗೊತ್ತಾಗಲಿಲ್ಲ. ಎರಡನೆಯದರ ಹತ್ತಿರ ತಲೆಯೆತ್ತಿ ತುದಿ ನೋಡಿದೆ. ಇದೇ ತುದಿ ಎಂದುಕೊಂಡು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತುಳಿದೆ. ಅಲ್ಲಿ ಮುಟ್ಟಿದರೆ ಅದು ತುದಿಯಲ್ಲ, ಬರಿ ತಿರುವು; ದಾರಿ ಅಲ್ಲಿಂದ ಮತ್ತೆ ಮೇಲಕ್ಕೆ ಎದ್ದಿತ್ತು. ನಮ್ಮ ಹೊಲದ ಬದು ಎಂದಾದರೂ ಹೀಗೆ ಎದ್ದು ಹಿಂದೆ ಸರಿದದ್ದುಂಟೆ? ಖರೆ ಹೇಳುತ್ತೇನೆ, ಕಾಲು ಸೋತಿರಲಿಲ್ಲ. ಇಷ್ಟು ಮಾಡಿಯೂ ಇನ್ನೂ ಇಷ್ಟು ಉಳಿಯಿತಲ್ಲ ಎಂಬ ಒಂದೇ ವಿಚಾರಕ್ಕೆ ಎದೆ ಕುಸಿಯಿತು. ಎಡಗಾಲು ತಾನಾಗಿಯೇ ಇಳಿದು ನೆಲದ ಮೇಲೆ ಕೂತಿತು.

ಸೋತವನು ಹಬ್ಬದೊಳಗೆ ಇನ್ನೊಂದು ಸಲ ಕೇಳಬಹುದು, ಆದರೆ ಪಂದ್ಯ ಬೆಳೆಯುತ್ತದೆ. ನಾನು ಅಲ್ಲಿಯೇ, ಉಸಿರು ಸಾಲದಿದ್ದರೂ, ನಾಳೆ ಮತ್ತೆ ಎಂದೆ. ಈ ಸಲ ಸೋತರೆ ಅವಳು ದೀಪಾವಳಿ ತನಕ ತವರಿನಲ್ಲಿ. ದೀಪಾವಳಿಯೆಂದರೆ ಆಗ ನನಗೆ ಒಂದು ಜನ್ಮದಷ್ಟು ದೂರ.

ಮನೆಗೆ ಬಂದು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ ಹೆಂಡತಿ ತಂಬಿಗೆ ಹಿಡಿದು ಬಂದಳು. ಸಮಾಧಾನ ಹೇಳುತ್ತಾಳೆಂದು ಕಾದೆ. ಅವಳು ನೀರು ಹಾಕುತ್ತ ತಣ್ಣಗೆ ಕೇಳಿದಳು.

“ಪಂದ್ಯಕ್ಕ ನನ್ನ ಇಡಾಕ ನಾ ಏನ ಕೊಬ್ಬರಿ ಬಟ್ಟಲೇನ್ರಿ?”

ಅವಳಿಗೆ ಇಷ್ಟು ಮಾತು ಬರುತ್ತದೆಂದೇ ಗೊತ್ತಿರಲಿಲ್ಲ. ಸಿಟ್ಟು ನಿಜವಾದದ್ದು, ಕಣ್ಣಲ್ಲಿ ನೀರೂ ಇತ್ತು. ತಪ್ಪಾಯಿತು ಎಂದೆ. ಹೆಂಡತಿಯ ಮುಂದೆ ತಪ್ಪಾಯಿತು ಅನ್ನುವ ಗಂಡಸು ನಮ್ಮ ಓಣಿಯಲ್ಲಿ ಆಗ ಇನ್ನೊಬ್ಬನಿರಲಿಲ್ಲ, ನಾನೂ ಅದೇ ಮೊದಲು. ತಂಬಿಗೆ ಖಾಲಿಯಾದ ಮೇಲೂ ಅವಳು ಹೋಗದೆ ನಿಂತಳು. ಆಮೇಲೆ ಬಾಗಿಲ ಕಡೆ ನೋಡಿ, ದನಿ ಇಳಿಸಿ ಅಂದಳು.

“ನಾಳೆ ತುದಿ ನೋಡಬ್ಯಾಡ್ರಿ. ಅಪ್ಪಾರು ಮಗ್ಗದಾಗ ಕುಂತಾಗ ಕಣ್ಣು ಎಲ್ಲಿರತೈತಿ, ನೋಡೀರಲ್ಲ?”

ನೋಡಿದ್ದೆ. ಬೈಗುಳ ನಿರೀಕ್ಷಿಸುತ್ತ ಅವರ ಮುಖವನ್ನೇ ನೋಡುತ್ತ ಕೂತಿದ್ದೆನಲ್ಲ. ಅವರ ಕಣ್ಣು ಎದುರಿನ ಒಂದು ಗೇಣು ಬಟ್ಟೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ನೇಯ್ದದ್ದು ಸುತ್ತಿಕೊಂಡು ಮರೆಯಾಗುತ್ತಿತ್ತು, ನೇಯಬೇಕಾದದ್ದು ಆಚೆ ಎಲ್ಲೋ ಇತ್ತು, ಎರಡರ ಗೊಡವೆಯೂ ಅವರಿಗಿರಲಿಲ್ಲ. ಅವಸರವೂ ಇರಲಿಲ್ಲ. ಆದರೆ ಕಾಲು ಒಂದು ಸಲವೂ ತಪ್ಪಲಿಲ್ಲ.

ಗುಡ್ಡ ಏರುವುದು ಕಾಲಿನಿಂದಲ್ಲ, ಮನಸ್ಸಿನಿಂದ ಎಂದು ಈಗಿನ ಹುಡುಗರು ನನಗೇ ಬುದ್ಧಿ ಹೇಳುತ್ತಾರೆ. ಅರ್ಧ ಖರೆ. ಕಾಲು ಬೇಕೇ ಬೇಕು, ಮಂಡಿ ನೋಯುವ ಈ ವಯಸ್ಸಿನಲ್ಲಿ ನನ್ನಷ್ಟು ಅದು ಯಾರಿಗೂ ಗೊತ್ತಿಲ್ಲ. ಆದರೆ ಮನಸ್ಸು ಕಾಲಿಗಿಂತ ಮೊದಲೇ ಇಳಿದುಬಿಡುತ್ತದೆ. ಅದನ್ನು ಹಿಡಿದಿಡಲು ಛಲವೊಂದೇ ಸಾಲದು. ಛಲ ನನ್ನಲ್ಲಿ ಚೀಲಗಟ್ಟಲೆ ಇತ್ತು, ಎರಡನೇ ತಿರುವಿಗೇ ಅದು ಬರಿದಾಗಿತ್ತು. ಮನಸ್ಸಿಗೆ ಕೈತುಂಬ ಕೆಲಸ ಕೊಡಬೇಕು, ಅದೂ ಸಣ್ಣ ಕೆಲಸ.

ಪಂಚಮಿಯ ದಿನ ಹಾಲೆರೆದು, ಉಂಡು, ಬಿಸಿಲು ಇಳಿದ ಮೇಲೆ ಹೊರಟೆವು. ಮಾವನೂ ಬಂದರು, ಹುಣಸೆಮರದ ಕೆಳಗೆ ಕೂತರು. ನಾನು ಈ ಸಲ ನಿಧಾನ ಹತ್ತಿದೆ. ಎಷ್ಟು ನಿಧಾನವೆಂದರೆ ಅವಳ ತಮ್ಮ ನನ್ನ ಪಕ್ಕದಲ್ಲಿ ನಡೆದುಕೊಂಡೇ ಬಂದ. ಮುಂದಿನ ಗಾಲಿ, ಅದರ ಮುಂದಿನ ಒಂದು ಗೇಣು ಮಣ್ಣು. ಬಲಗಾಲು, ಲಾಳಿ ಅತ್ತ. ಎಡಗಾಲು, ಲಾಳಿ ಇತ್ತ. ಒಂದು ಕಲ್ಲು ಬಂತು, ತಪ್ಪಿಸಿದೆ. ಒಂದು ಸಗಣಿ ಬಂತು, ತಪ್ಪಿಸಲಿಲ್ಲ. ಎರಡನೇ ತಿರುವು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮೂರನೆಯದರಲ್ಲಿ ತೊಡೆ ಉರಿಯತೊಡಗಿತು. ತಮ್ಮ ಬೆದರಿಸಿ ನೋಡಿದ, ಇನ್ನೂ ಭಾಳ ಐತಿ ಎಂದ. ನಾನು ಅಲುಗಲಿಲ್ಲ. ಆಗ ಆ ಕಿಡಿಗೇಡಿ ಮಗ್ಗಲು ಬದಲಿಸಿದ.

“ಬಂತು ಮಾಮಾರ, ಬಂತು. ತಲಿ ಎತ್ತಿ ನೋಡ್ರಿ, ಇನ್ನೊಂದ ಮಾರು.”

ಬೆದರಿಕೆಗಿಂತ ಇದು ಕೆಟ್ಟದ್ದು. ಕತ್ತು ತಾನಾಗಿ ಏಳುತ್ತಿತ್ತು. ಎದ್ದಿದ್ದರೆ ಕಾಲೂ ಇಳಿಯುತ್ತಿತ್ತು, ನನ್ನನ್ನು ನಾನು ಬಲ್ಲೆ. ಆಗ ನನಗೆ ಮಾವನ ನೆನಪಾಗಿ, ಒಳಗೊಳಗೇ ನಗು ಬಂತು. ಎಷ್ಟು ಉಳಿಯಿತೆಂದು ಕೇಳಬಾರದು ಎಂಬ ಅವರ ಮನೆಯ ನಿಯಮವನ್ನು ಅವರ ಮಗನೇ ಮುರಿಯುತ್ತಿದ್ದ, ಎರೆಯ ಅಳಿಯ ಪಾಲಿಸುತ್ತಿದ್ದ. ಬಲಗಾಲು, ಎಡಗಾಲು.

ಎಷ್ಟೋ ಹೊತ್ತಿನ ಮೇಲೆ ಸೈಕಲ್ಲು ತಾನೇ ಹಗುರಾಯಿತು. ಹಿಂದಿನಿಂದ ಕೂಗಾಟ ಕೇಳಿಸಿತು. ಇದೂ ಅವನದೇ ಆಟವಿರಬೇಕೆಂದು ನಾನು ತಲೆ ಬಗ್ಗಿಸಿಯೇ ತುಳಿದೆ. ಕೊನೆಗೆ ತಮ್ಮ ಏದುಸಿರು ಬಿಡುತ್ತ ಓಡಿಬಂದು ಕ್ಯಾರಿಯರ್ ಹಿಡಿದು ನಿಲ್ಲಿಸಿದ. ಬನ್ನಿಗಿಡ ದಾಟಿ ನಾನು ಗುಡ್ಡದ ಮೇಲಿನ ಸಪಾಟಿನಲ್ಲಿ ಯಾರದೋ ಸಜ್ಜೆಯ ಹೊಲದೊಳಗೆ ನುಗ್ಗಿದ್ದೆ. ಅವನು ಸೊಂಟದ ಮೇಲೆ ಕೈಯಿಟ್ಟು, ಗೆದ್ದು ಭಾಳ ಹೊತ್ತಾಗಿದೆ, ಇನ್ನಾದರೂ ಇಳಿಯಿರಿ ಎಂದ. ಇಬ್ಬರೂ ಹೊಲದಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕೆವು. ಕೆಳಗಿಳಿದಾಗ ಮಾವ ನನ್ನ ಬೆನ್ನ ಮೇಲೆ ಕೈಯಿಟ್ಟರು. ಆ ಕೈಯ ಭಾರ ಇವತ್ತಿಗೂ ನನಗೆ ಗೊತ್ತು.

ಮರುದಿನ ಬೆಳಿಗ್ಗೆ ಹೆಂಡತಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಬಟ್ಟೆಯ ಗಂಟನ್ನು ಹ್ಯಾಂಡಲ್ಲಿಗೆ ಕಟ್ಟಿ, ರೋಣದ ದಾರಿ ಹಿಡಿದೆ. ಊರು ಬಂದಾಗ ಅವಳು ಸೆರಗು ಹೊದ್ದು ಇಳಿದು ನಡೆಯುತ್ತಿದ್ದಳು, ಊರು ದಾಟಿದ ಮೇಲೆ ಮತ್ತೆ ಹತ್ತುತ್ತಿದ್ದಳು. ಸಪಾಟು ನೆಲ, ತಂಪು ಗಾಳಿ, ಗೆದ್ದ ಗಂಡಸು. ನನ್ನ ಎದೆ ಒಂದು ಮೊಳ ಅಗಲವಾಗಿತ್ತು. ಒಂದು ಹೊಗಳಿಕೆಯ ಮಾತು ಗಿಟ್ಟಿಸೋಣವೆಂದು, ನಾನು ಸೋತಿದ್ದರೆ ದೀಪಾವಳಿಯವರೆಗೆ ಇರುತ್ತಿದ್ದೆಯಾ ಎಂದು ಕೇಳಿದೆ.

“ಗಂಟು ಮೊನ್ನೆ ಕಟ್ಟಿದ್ದೆ, ನೀವು ಸೋತು ಬಂದ ದಿನಾನ. ಪಂದ್ಯ ನಿಮ್ಮಿಬ್ಬರದು. ನನ್ನ ಯಾರು ಕೇಳಿದ್ರು?”

ಹಾಗಿದ್ದರೆ ಗುಡ್ಡದ ಉಪಾಯ ಯಾಕೆ ಹೇಳಿಕೊಟ್ಟೆ ಎಂದೆ. ಅವಳು ಜಾರಿದ ಸೆರಗನ್ನು ಎಳೆದುಕೊಂಡಳು.

“ಸೋತ ಮಾರಿ ಇಟ್ಕೊಂಡು ನೀವು ನನ್ನ ಕರಕೊಂಡು ಹೋಗೂದು ನನಗ ಬ್ಯಾಡಾಗಿತ್ತು.”

ನನ್ನ ಕಾಲು ನಿಂತುಹೋಯಿತು. ಸೈಕಲ್ಲು ತನ್ನಷ್ಟಕ್ಕೆ ಒಂದಿಷ್ಟು ದೂರ ಉರುಳಿ, ನಿಧಾನವಾಗಿ, ಮುಂದಿನ ಗಾಲಿ ಅತ್ತಿತ್ತ ಹೊಯ್ದಾಡತೊಡಗಿತು. ಹಿಂದಿನಿಂದ ಅವಳ ಕೈ ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿಯಿತು.

“ಕಾಲು ಊರಬ್ಯಾಡ್ರಿ” ಎಂದಳು.