ದ್ರಾಕ್ಷಿ ಬಳ್ಳಿಗೆ ಹಚ್ಚಿದ ಕೆಂಪು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಇದನ್ನು ಬರೆಯುವಾಗಲೂ ಅದನ್ನು ಕೆಳಗಿಳಿಸುವ ವಿಚಾರ ನನಗಿಲ್ಲ.

ಹೈದರಾಬಾದಿನ ರಿಂಗ್ ರೋಡು ದಾಟಿದ ಮೇಲೆ ನನ್ನ ಗೆಳತಿಯದೊಂದು ವೈನ್ ತಯಾರಿಸುವ ದ್ರಾಕ್ಷಿ ತೋಟವಿದೆ. ನಾರಾಯಣಗೂಡದ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಅವಳು ತೆಲುಗಿನವಳು, ನಾನು ವಿಜಯಪುರದ ಕಡೆಯವಳು. ನಮ್ಮ ಜಗಳ, ಪ್ರೀತಿ ಎರಡೂ ಹಿಂದಿ-ತೆಲುಗಿನ ಕಲಬೆರಕೆಯಲ್ಲಿ. ದ್ರಾಕ್ಷಿ ಅವಳದು, ತರಕಾರಿ ನನ್ನದು ಎಂದು ಕೆಲಸ ಹಂಚಿಕೊಂಡಿದ್ದೆವು. ಬಳ್ಳಿಯ ಸಾಲುಗಳ ನಡುವೆ ನಾನು ಪಾಲಕ, ಮೆಂತ್ಯ, ಪುಂಡಿ ಪಲ್ಯ ಬೆಳೆಯುತ್ತಿದ್ದೆ. ಅವಳ ಬಾಯಲ್ಲಿ ಪುಂಡಿ ಗೋಂಗೂರ. ಅದರ ಚಟ್ನಿ ಮಾಡಲು ನಿಮ್ಮವರಿಗೆಲ್ಲಿ ಬರುತ್ತದೆ ಎಂದು ಛೇಡಿಸುತ್ತಿದ್ದಳು. ನಾನು ಜೋಳದ ನುಚ್ಚು ಹಾಕಿ ಮಾಡಿದ ಪಲ್ಯ ಒಯ್ದರೆ ಮಾತ್ರ ಡಬ್ಬಿ ಬಳಿದು ತಿನ್ನುತ್ತಿದ್ದಳು.

ತೋಟಕ್ಕೆ ಇದ್ದದ್ದು ಒಂದೇ ಕಟ್ಟಳೆ: ಯಾವ ಔಷಧವೂ ಒಳಗೆ ಬರಕೂಡದು. ಶನಿವಾರ ಬೆಳಿಗ್ಗೆ ಜನ ಚೀಲ ಹಿಡಿದು ಬರುತ್ತಿದ್ದರು. ಹೆಚ್ಚಿನವರು ತಾರ್ನಾಕದ ನನ್ನ ನೆರೆಹೊರೆಯವರೇ. ಅವರು ಬೋರ್ಡು ಓದಿ ಬಂದವರಲ್ಲ, ನನ್ನ ಮಾತು ನಂಬಿ ಬಂದವರು.

ದಸರೆ ಮುಗಿದ ಮೇಲೆ ದ್ರಾಕ್ಷಿಯ ಹಳೆಯ ಕಡ್ಡಿ ಕತ್ತರಿಸಬೇಕು. ಅದಕ್ಕೆ ನಾವು ಚಾಟ್ನಿ ಎನ್ನುತ್ತೇವೆ. ನಮ್ಮ ಕಡೆ ಕತ್ತರಿಸಿದ ಬೆನ್ನಿಗೇ ಬಳ್ಳಿಯ ಒಂದೊಂದು ಕಣ್ಣಿಗೂ ಪೇಸ್ಟ್ ಹಚ್ಚುತ್ತಾರೆ. ಅದು ವಿಷವೇ, ಬರಿಗೈಯಲ್ಲಿ ಮುಟ್ಟುವಂತಿಲ್ಲ. ಹಚ್ಚಿದರೆ ಕಣ್ಣುಗಳೆಲ್ಲ ಒಮ್ಮೆಲೇ ಚಿಗುರುತ್ತವೆ. ಬಿಟ್ಟರೆ ತಮಗೆ ತಿಳಿದಾಗ ಚಿಗುರುತ್ತವೆ. ಯಾವುದಕ್ಕೆ ಹಚ್ಚಿದೆ, ಯಾವುದು ತಪ್ಪಿತು ಎಂದು ತಿಳಿಯಲಿಕ್ಕೆ ಅದರಲ್ಲಿ ಕೆಂಪು ಬಣ್ಣ ಕಲಸುವುದು ರೂಢಿ. ಈ ಪೇಸ್ಟ್ ನಮ್ಮ ತೋಟಕ್ಕೆ ಬೇಡ ಎಂದು ನಾನು ಮೊದಲೇ ಹೇಳಿದ್ದೆ. ಗೆಳತಿ ನನ್ನ ಕೈಮೇಲೆ ಕೈಯಿಟ್ಟು ಒಪ್ಪಿದ್ದಳು. ಚಾಟ್ನಿಗೆಂದು ಎರಡು ವರ್ಷದ ಹಿಂದೆ ವಿಜಯಪುರದಿಂದ ನಮ್ಮ ಸೋದರಮಾವನನ್ನು ಕರೆತಂದವಳೂ ನಾನೇ. ಕೆಲಸ ಅವರಿಗೆ ಗೊತ್ತಿತ್ತು, ಮೇಲಾಗಿ ಅವರು ನಮ್ಮವರು.

ಬನ್ನಿ ಮುಗಿಸಿ ತವರಿಗೆ ಹೋಗುವುದು ಪ್ರತಿ ವರ್ಷದ ನನ್ನ ಪದ್ಧತಿ. ಈ ಸಲ ಅಕ್ಕನ ಮಗಳ ಕುಬಸವೂ, ಅಂದರೆ ಸೀಮಂತವೂ, ಕೂಡಿಬಂತು. ದಸರೆಯ ಸಂಜೆ ಗೆಳತಿ ಮನೆಗೆ ಬಂದು ಅವರ ಜಮ್ಮಿ, ನಮ್ಮ ಬನ್ನಿ ಎಲೆ ಕೈಗಿಟ್ಟು ಅಪ್ಪಿಕೊಂಡಳು. ಬಸುರಿ ಹುಡುಗಿಗೆ ಹಸಿರು ಸೀರೆ ತಂದಿದ್ದಳು. ನಿಧಾನವಾಗಿ ಬಾ, ಅವಸರವೇನಿಲ್ಲ ಎಂದಳು. ಕುಬಸಕ್ಕೆ ಮಾಮನೂ ಬರಬೇಕಿತ್ತು. "ಚಾಟ್ನಿ ಬಿಟ್ಟು ಹ್ಯಾಂಗ ಬರ್ಲಿ? ನೀ ಹೋಗಿ ಬಾ ಯವ್ವಾ, ನಾ ಅದೀನಲ್ಲ," ಎಂದರು. ಕುಬಸಕ್ಕೂ ಬರಲಿಲ್ಲವೆಂದು ಊರಲ್ಲಿ ಎಲ್ಲರೂ ಅವರನ್ನು ಆಡಿಕೊಂಡಾಗ ನಾನೇ ಅವರ ಪರ ವಾದಿಸಿದೆ. ಅಂಥ ದುಡಿಯುವ ಮನುಷ್ಯ ಎಲ್ಲಿ ಸಿಗುತ್ತಾನೆ ಎಂದೆ.

ತಿರುಗಿ ಬಂದು ನೋಡಿದರೆ ಬಳ್ಳಿಯ ಕಣ್ಣುಗಳೆಲ್ಲ ಕೆಂಪಗಿದ್ದವು. ಕೆಳಗೆ ಮೆಂತ್ಯದ ಮಡಿಯಲ್ಲಿ ಹನಿ ಬಿದ್ದ ಕಡೆ ಸೊಪ್ಪು ಸುಟ್ಟಿತ್ತು. ಸುಟ್ಟದ್ದನ್ನು ಬಿಟ್ಟು ಉಳಿದದ್ದನ್ನು ಕಿತ್ತು ಹಿಂದಿನ ಶನಿವಾರ ಮಾರಿದ್ದರೆಂಬುದು ಮಡಿ ನೋಡಿದರೇ ತಿಳಿಯುತ್ತಿತ್ತು. ಮಾಮ ಶೆಡ್ಡಿನಲ್ಲಿ ರೊಟ್ಟಿ ಮುರಿಯುತ್ತ ಕೂತಿದ್ದರು.

"ಇದೇನ್ ಮಾಡೀರಿ ಮಾಮಾ?"

"ಊರಾಗ ಎಲ್ಲಾರೂ ಹಚ್ತಾರ, ತಪ್ಪೇನೈತಿ? ಹೊಸಾ ಆಳು ಬಂದಿದ್ವು, ಕಣ್ಣು ಬಿಟ್ಟು ಬಿಟ್ಟು ಹಚ್ಚಾಕತ್ತಿದ್ವು. ಅದಕ್ಕ ಬಣ್ಣಾ ಕಲಿಸ್ದೆ."

"ನನಗ ಯಾಕ ಹೇಳಲಿಲ್ರಿ?"

"ಹೇಳಬ್ಯಾಡ ಅಂದ್ಲು ನಿನ್ನ ಗೆಳತಿ. ನೀ ಭಾಳ ಸಿಟ್ಟಿನಾಕಿ."

ಗೆಳತಿಯಾದರೂ ತಲೆ ತಗ್ಗಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಚಹಾ ಬಗ್ಗಿಸಿ ಕೊಟ್ಟಳು. ಪೇಸ್ಟ್ ಇಲ್ಲದೆ ಈ ಸೆಖೆಯ ಊರಲ್ಲಿ ವೈನಿಗೆ ಸಾಕಾಗುವಷ್ಟು ಹಣ್ಣು ಬರುವುದಿಲ್ಲ ಎಂದಳು. ಅಷ್ಟೇ ಹೇಳಿದ್ದರೆ ಜಗಳವಾಡಿ ಮುಗಿಸುತ್ತಿದ್ದೆನೇನೋ. "ನಿನಗೆ ಹೇಳಿದ್ದರೆ ಜನರ ಮುಂದೆ ನೀನು ಸುಳ್ಳಾಡಬೇಕಾಗುತ್ತಿತ್ತು. ನಿನಗೆ ಸುಳ್ಳಾಡಲು ಬರುವುದಿಲ್ಲ. ಹೇಳದೆ ನಿನ್ನನ್ನು ಉಳಿಸಿದೆ, ತಿಳಿದುಕೋ," ಎಂದಳು. ಉಪಕಾರ ಮಾಡಿದವಳ ದನಿ ಅದು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ. ಮೇಯ್ದ ಬೇಲಿ ಹೊಲಕ್ಕೇ ಬುದ್ಧಿ ಹೇಳುವುದನ್ನು ಅಂದು ಕಂಡೆ. ಚಹಾ ಅಲ್ಲೇ ಬಿಟ್ಟು ಎದ್ದೆ.

ಶನಿವಾರ ಗೇಟಿನ ಹತ್ತಿರ ನಿಂತೆ. ಮೊದಲು ಬಂದವರು ನಮ್ಮ ಬೀದಿಯ ಹಿರಿಯ ಹೆಂಗಸು, ಯೂನಿವರ್ಸಿಟಿಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೋದ ವರ್ಷ ಸೊಸೆ ಬಸುರಿಯಾಗಿದ್ದಾಗ ನಮ್ಮ ತೋಟದ ಸೊಪ್ಪನ್ನಲ್ಲದೆ ಬೇರೆ ಸೊಪ್ಪನ್ನು ಅವರು ಮನೆಯೊಳಗೆ ತಂದಿರಲಿಲ್ಲ. ಅವರ ಹಿಂದೆ ಉಳಿದವರೂ ಬಂದರು. ಮಾಮ ನೀರಿನ ಪೈಪು ಎಳೆಯುತ್ತ ಅಲ್ಲೇ ಇದ್ದರು. ಗೆಳತಿ ಮಾತ್ರ ಹೊರಗೆ ಬರಲಿಲ್ಲ.

"ಇವತ್ತು ಏನೂ ಒಯ್ಯಬೇಡಿ," ಎಂದು ತೆಲುಗಿನಲ್ಲಿ ಹೇಳಿದೆ. ಬಳ್ಳಿಗೆ ಪೇಸ್ಟ್ ಹಚ್ಚಿದ್ದಾರೆ, ಸೊಪ್ಪಿನ ಮೇಲೂ ಬಿದ್ದಿದೆ, ಹೋದ ವಾರ ಒಯ್ದದ್ದು ಉಳಿದಿದ್ದರೆ ಎಸೆದುಬಿಡಿ, ನನಗೆ ಗೊತ್ತಿರಲಿಲ್ಲ ಎಂದೆ. ಕೊನೆಯ ಮಾತು ಹೇಳುವಾಗ ಅಳು ಬಂತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಹಿರಿಯರು ಚೀಲವನ್ನು ಮಡಚುತ್ತಿದ್ದವರು ನಿಲ್ಲಿಸಿದರು.

"ಹೋದ ವರ್ಷ?" ಎಂದು ಕೇಳಿದರು.

ಇಲ್ಲವೇ ಇಲ್ಲ ಎನ್ನಲು ಬಾಯಿ ತೆರೆದೆ. ನನಗೆ ಏನು ಗೊತ್ತು ಎಂದು ಆಗ ಹೊಳೆಯಿತು. ತಿರುಗಿ ಮಾಮನನ್ನು ಕೇಳಿದೆ: "ಹ್ವಾದ ವರ್ಷ ಹಚ್ಚಿದ್ದಿಲ್ಲಲ್ರಿ?" ಅವರು ಇಲ್ಲ ಎನ್ನುತ್ತಾರೆಂದು ಆಗಲೂ ನಂಬಿದ್ದೆ.

ಮಾಮ ಪೈಪು ಕೆಳಗಿಟ್ಟರು.

"ಹ್ವಾದ ವರ್ಷ ಬಣ್ಣಾ ಕಲಿಸಿರಲಿಲ್ಲ ಯವ್ವಾ."

ಕನ್ನಡ ಬಾರದ ಆ ಹಿರಿಯರು, ಏನಂದರು ಎಂದು ನನ್ನನ್ನು ಕೇಳಿದರು. ಮಾಮ ಅಂದದ್ದನ್ನೇ ನಾನು ಅವರಿಗೆ ತೆಲುಗಿನಲ್ಲಿ ಹೇಳಿದೆ.