ಪಕ್ಕದ ಮನೆಯಲ್ಲಿದ್ದ ವಿದೇಶಾಂಗ ಮಂತ್ರಿ

ಆರ್ಮೇನಿಯಾದ ವಿದೇಶಾಂಗ ಮಂತ್ರಿಯಾಗುವ ಮುಂಚೆ ಅವರು ಕೆಲಕಾಲ ಡಲ್ಲಾಸ್ ಹತ್ತಿರದ ಅಲೆನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ತೊಂಬತ್ತರ ದಶಕದ ಕೊನೆಯ ಮಾತು. ಮನೆ ಅವರ ಅಕ್ಕನದು. ಆಕೆ ಹಲ್ಲಿನ ಡಾಕ್ಟರು, ಸಂಜೆ ನನ್ನ ಜೊತೆ ವಾಕಿಂಗ್ ಬರುತ್ತಿದ್ದರು. "ತಮ್ಮ ಬಂದಿದ್ದಾನೆ, ಸದ್ಯಕ್ಕೆ ಕೆಲಸವಿಲ್ಲ" ಎಂದಷ್ಟೇ ಹೇಳಿದ್ದರು.

ಕೆಲಸವಿಲ್ಲದ ಆ ಮನುಷ್ಯ ಬೆಳಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗ್ಯಾರೇಜಿನ ಬಾಗಿಲು ತೆರೆದಿಟ್ಟು ಫೋನಿನಲ್ಲಿ ಮಾತಾಡುತ್ತಿದ್ದರು. ರಷ್ಯನ್ ಇರಬೇಕು, ಫ್ರೆಂಚ್ ಇರಬೇಕು, ನನಗೆ ಒಂದೂ ತಿಳಿಯದು. ನನ್ನದು ಆಗ ಕೆಲಸ ಮಾಡಲು ಬಿಡದ ವೀಸಾ. ಮಗಳಿಗೆ ಇನ್ನೂ ನಡಿಗೆ ಬಂದಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಆ ಗ್ಯಾರೇಜು ನೇರ ಕಾಣುತ್ತಿತ್ತು, ನೋಡುತ್ತ ನಿಲ್ಲಲು ನನಗೆ ಪುರುಸೊತ್ತೂ ಇತ್ತು.

ಒಂದು ದಿನ ಗಿಡಕ್ಕೆ ನೀರು ಹಾಕುತ್ತಿದ್ದಾಗ ಬೇಲಿಯಾಚೆಯಿಂದ "ನಮಸ್ಕಾರ್ ಬೆಹೆನ್‌ಜೀ" ಎಂದರು. ಆಮೇಲೆ, ರೇಡಿಯೋದಲ್ಲಿ ವಾರ್ತೆ ಓದುವವರಂಥ ಅಚ್ಚ ಹಿಂದಿಯಲ್ಲಿ ನನ್ನ ಊರು ಕೇಳಿದರು. ಮೈಸೂರು ಎನ್ನುವಷ್ಟರಲ್ಲಿ ನನ್ನ ಹಿಂದಿ ತೊದಲಿತು. ಅವರು ಅದನ್ನು ಮಾಸ್ಕೋದಲ್ಲಿ ಕಲಿತದ್ದಂತೆ. ಸೋವಿಯತ್ ಕಾಲದಲ್ಲಿ ದೆಹಲಿಯ ರಾಯಭಾರ ಕಚೇರಿಯಲ್ಲಿ ಸಣ್ಣ ಹುದ್ದೆಯಲ್ಲಿದ್ದರಂತೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ತಮ್ಮ ಪುಟ್ಟ ದೇಶಕ್ಕೆ ಹಿಂತಿರುಗಿ ಹೊಸದಾಗಿ ಶುರುವಾದ ವಿದೇಶಾಂಗ ಇಲಾಖೆ ಸೇರಿದರಂತೆ. ಚಳಿಗಾಲದಲ್ಲಿ ಕರೆಂಟಿಲ್ಲದೆ ಕೋಟು, ಟೋಪಿ ತೊಟ್ಟೇ ಕೆಲಸ ಮಾಡುತ್ತಿದ್ದರಂತೆ. ಈಗ ಅಲ್ಲಿ ಸರ್ಕಾರ ಬದಲಾಗಿ ಹೊರಗೆ ಬಿದ್ದಿದ್ದರು.

ಕೇಳಲು ಚೆನ್ನಾಗಿಯೇ ಇತ್ತು. ಆದರೆ ಅಂಥವರು ಅಲೆನ್‌ಗೆ ಯಾಕೆ ಬಂದು ಕೂರುತ್ತಾರೆ?

"ರೀ, ಅವ್ರು ಬೇಹುಗಾರರಿರ್ಬೇಕು" ಎಂದೆ ಗಂಡನಿಗೆ.

"ಬೇಹುಗಾರಿಕೆ ಮಾಡಕ್ಕೆ ಇಲ್ಲೇನಿದೆ? ಲಾನ್ ನೋಡ್ಕೊಂಡು ಹೋಗ್ತಾರಾ?"

ನನ್ನ ಗಂಡ ಪಕ್ಕದೂರು ಪ್ಲೇನೋದ ಟೆಲಿಕಾಂ ಕಂಪನಿಯೊಂದರಲ್ಲಿ ಎಂಜಿನಿಯರ್. ಸಂಜೆ ಬೇಲಿಯ ಹತ್ತಿರ ನಿಂತು ಆಫೀಸಿನ ಸಮಾಚಾರವನ್ನೆಲ್ಲ ಅವರಿಗೆ ಹೇಳುತ್ತಿದ್ದರು. ಅವರು ಕೇಳುತ್ತಿದ್ದರು. ಅಷ್ಟು ತಾಳ್ಮೆಯಿಂದ ಇನ್ನೊಬ್ಬರ ಆಫೀಸಿನ ಕಥೆ ಕೇಳುವವರನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ನನ್ನ ಅನುಮಾನ ಬೆಳೆದದ್ದೇ ಅದರಿಂದ.

ಆ ವರ್ಷ ಗಂಡನ ಆಫೀಸಿನ ಮೀಟಿಂಗಿಗೆಂದು ಎಲ್ಲರೂ ಹ್ಯೂಸ್ಟನ್‌ಗೆ ಹೋದೆವು. ಅದು ಮುಗಿದ ಮೇಲೆ ದೇವಸ್ಥಾನಕ್ಕೂ ಹೋಗಿಬರುವುದೆಂದಾಗಿತ್ತು. ಹೋಟೆಲಿನ ಲಾಬಿಯಲ್ಲಿ ಪಕ್ಕದ ಮನೆಯ ಅವರೇ ಕಂಡರು. ಕಡು ನೀಲಿ ಸೂಟು, ಜೊತೆಗೆ ಮೂವರು ಗಂಡಸರು. ಎದುರಿಗೇ ಸಿಕ್ಕರಲ್ಲ ಎಂದು ಕೈ ಮುಗಿದೆ. ಅವರು ಗೋಡೆ ನೋಡುವ ಹಾಗೆ ನನ್ನ ಮುಖ ನೋಡಿ, ಮಾತು ನಿಲ್ಲಿಸದೆ ಲಿಫ್ಟಿನೊಳಗೆ ಹೋದರು.

"ಅವ್ರೇ ಅಲ್ವಾ?" ಎಂದರು ಗಂಡ.

"ಅವ್ರೇ. ಈಗ್ಲಾದ್ರೂ ನಂಬ್ತೀರಾ?"

ನಾವು ಅಲೆನ್‌ಗೆ ಮರಳಿದ ಮಾರನೆಯ ದಿನ, ಅಕ್ಕ ಮಾಡಿದ ವಾಲ್ನಟ್ ಮುರಬ್ಬ ಹಿಡಿದು ಅವರೇ ಬಂದರು. ಶನಿವಾರ, ಗಂಡ ಮನೆಯಲ್ಲೇ ಇದ್ದರು. ಅಡುಗೆಮನೆಯ ಮೇಜಿಗೆ ಕೂತು ಹಿಂದಿ, ಇಂಗ್ಲಿಷ್ ಬೆರೆಸಿ ಹೇಳಿದರು. ಅವರ ಭಾಗದಲ್ಲಿ ತೈಲದ ಕೊಳವೆ ಹಾಕುವ ಯೋಜನೆಯಿತ್ತು. ಅದು ಅವರ ದೇಶವನ್ನು ಸುತ್ತು ಹಾಕಿಕೊಂಡು ಹೋಗಲಿತ್ತು. ಹುದ್ದೆಯಿಲ್ಲದಿದ್ದರೂ ಅವರು ಹ್ಯೂಸ್ಟನ್‌ನ ತೈಲದವರನ್ನು ಕಂಡು, ತಮ್ಮ ದೇಶದೊಳಗಿಂದಲೇ ಒಯ್ಯಿರಿ ಎಂದು ಕೇಳಿಕೊಳ್ಳುತ್ತಿದ್ದರು.

"ಆ ಮೂವರಲ್ಲಿ ಒಬ್ಬ, ನಮಗೆ ಗಡಿ ಮುಚ್ಚಿರುವ ದೇಶದವನು. ನಾನು ನಿಮಗೆ ಕೈ ಮುಗಿದಿದ್ದರೆ ಇಷ್ಟು ಹೊತ್ತಿಗೆ ಯಾರೋ ನಿಮ್ಮನ್ನು ವಿಚಾರಿಸುತ್ತಿದ್ದರು. ನಿಮ್ಮ ಗ್ರೀನ್ ಕಾರ್ಡ್ ಅರ್ಜಿ ಬೇರೆ ನಡೆಯುತ್ತಿದೆ."

ಬಗ್ಗಿಸುತ್ತಿದ್ದ ಕಾಫಿ ಕೆಳಗಿಟ್ಟೆ. ಆ ವಿಷಯ ನಾವು ಯಾರಿಗೂ ಹೇಳಿರಲಿಲ್ಲ. ಗಂಡನ ಕಡೆ ನೋಡಿದೆ. ಅವರು ಸಣ್ಣಗೆ ತಲೆಯಾಡಿಸಿದರು, ತಾನಲ್ಲ ಎಂದು.

"ಗ್ರೀನ್ ಕಾರ್ಡ್ ಸಂಗತಿ ನಿಮಗೆ ಯಾರು ಹೇಳಿದರು?" ಎಂದು ಕೇಳಿಯೇಬಿಟ್ಟೆ.

ಅವರು ನಕ್ಕರು. "ಈ ಬೀದಿಯ ಯಾವ ಭಾರತೀಯರ ಅರ್ಜಿ ನಡೆಯುತ್ತಿಲ್ಲ, ಹೇಳಿ?"

ಅದು ನಿಜವೇ. ಆದರೆ ನಾನು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಅವರು ಹೋದ ಮೇಲೆ ಅದು ಹೊಳೆಯಿತು. ಅಂದಿನಿಂದ ಅಡುಗೆಮನೆಯ ಕಿಟಕಿಗೆ ಪರದೆ ಎಳೆದೆ.

ಮುಂದಿನ ಬೇಸಿಗೆಯಲ್ಲಿ ಅವರ ದೇಶದಿಂದ ಕರೆ ಬಂತು. ಒಂದೇ ಸೂಟ್‌ಕೇಸ್ ಹಿಡಿದು ಹೊರಟರು. ಅವರ ಅಕ್ಕನೊಂದಿಗಿನ ವಾಕಿಂಗಿನಲ್ಲಿ ಸುದ್ದಿ ತಿಳಿಯುತ್ತಿತ್ತು. ಮೊದಲು ಇಲಾಖೆಯಲ್ಲಿ ದೊಡ್ಡ ಹುದ್ದೆ, ಆಮೇಲೆ ಯುರೋಪಿನಲ್ಲೆಲ್ಲೋ ರಾಯಭಾರಿ. ಅಷ್ಟರಲ್ಲಿ ಟೆಲಿಕಾಂ ಕಂಪನಿಗಳು ಕುಸಿದವು. ಗಂಡನ ಕೆಲಸ ಹೋಯಿತು. ನಾವು ಆಸ್ಟಿನ್ ಪಕ್ಕದ ರೌಂಡ್ ರಾಕ್‌ಗೆ ಶಿಫ್ಟ್ ಆದೆವು. ಅಲ್ಲಿಗೇ ಅಕ್ಕನ ಫೋನು ಬಂತು, ತಮ್ಮ ಮಂತ್ರಿಯಾದನೆಂದು. ಆಕೆ ಅಳುತ್ತಿದ್ದರು. ನನಗೂ ನಿಜವಾಗಿ ಸಂತೋಷವಾಯಿತು.

ಕೆಲವು ವರ್ಷಗಳ ನಂತರ ಅವರು ಆಸ್ಟಿನ್‌ನ ಕಾಲೇಜೊಂದಕ್ಕೆ ಭಾಷಣಕ್ಕೆ ಬಂದರು. ಅಕ್ಕ ನಮ್ಮನ್ನೂ ಕರೆದರು. ಹುಡುಗಿಯೊಬ್ಬಳು ಎದ್ದು, ಮುಚ್ಚಿದ ಗಡಿ ಯಾವಾಗ ತೆರೆಯುತ್ತದೆ ಎಂದು ಕೇಳಿದಳು. ಅವರು ಬಹಳ ಹೊತ್ತು, ಬಹಳ ಚೆನ್ನಾಗಿ ಮಾತಾಡಿದರು. ಸಭೆ ಚಪ್ಪಾಳೆ ತಟ್ಟಿತು. ಕೇಳಿದ್ದ ಹುಡುಗಿ ಪೆನ್ನು ಹಿಡಿದುಕೊಂಡು, ಬರೆದುಕೊಳ್ಳಲು ಉತ್ತರ ಸಿಗದೆ ನಿಂತೇ ಇದ್ದಳು.

ಹೊರಗೆ ಎಲ್ಲರೆದುರೇ ಅವರು ಕೈ ಮುಗಿದು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಗಳನ್ನು ಹಿಂದಿಯಲ್ಲಿ ಮಾತಾಡಿಸಿದರು. ಅವಳು ಇಂಗ್ಲಿಷಿನಲ್ಲಿ, ತನಗೆ ಬರುವುದು ಕನ್ನಡ ಎಂದಳು. ಅವರಿಗೆ ಅದು ಖುಷಿಯಾಯಿತು. ಒಟ್ಟಿಗೆ ಫೋಟೋ ತೆಗೆಸಿಕೊಂಡೆವು. ಅವರ ಜೊತೆಗಿದ್ದ ಯುವ ಅಧಿಕಾರಿಯೊಬ್ಬ ನಗುನಗುತ್ತ ನನ್ನ ಗಂಡನನ್ನು, "ತಾವು ಈಗ ಎಲ್ಲಿ ಕೆಲಸದಲ್ಲಿದ್ದೀರಿ?" ಎಂದು ಕೇಳಿದ.

ಬೇಲಿಯ ಹತ್ತಿರ ನಿಂತು ಎಲ್ಲ ಹೇಳುತ್ತಿದ್ದ ನನ್ನ ಗಂಡ, "ಇಲ್ಲೇ, ಕಂಪ್ಯೂಟರ್ ಕಡೆ" ಎಂದು ತೇಲಿಸಿ ಕಾರಿನ ಕೀಲಿ ತೆಗೆದರು.

ಹೆದ್ದಾರಿಗೆ ಬಂದ ಮೇಲೆ ಅವರೇ ಬಾಯಿಬಿಟ್ಟರು. "ಒಳ್ಳೇ ಮನುಷ್ಯನೇ ಕಣೆ. ಆದ್ರೂ ಯಾಕೋ ಹೇಳ್ಬೇಕು ಅನ್ನಿಸ್ಲಿಲ್ಲ."